ಊಟ ಅಷ್ಟೇ, ನಡಿಗೆ ಅಷ್ಟೇ. ಹೊಟ್ಟೆ ಮಾತ್ರ ಯಾಕೆ ಬರ್ತಿದೆ?

ಪ್ರಶ್ನೆ: ನನಗೆ 46 ವರ್ಷ, ಎತ್ತರ 160 ಸೆಂಟಿಮೀಟರ್. ಮೂರು ವರ್ಷದ ಹಿಂದೆ 61 ಕಿಲೋ ಇದ್ದೆ, ಈಗ 68. ನಂಬಿ, ಊಟ ಜಾಸ್ತಿ ಮಾಡಿಲ್ಲ. ದಿನಾ 40 ನಿಮಿಷ ನಡೆಯುತ್ತೇನೆ. ಕೈಕಾಲು ಹಾಗೇ ಇವೆ, ಹೊಟ್ಟೆ ಮಾತ್ರ ಬಂದಿದೆ. ಮುಟ್ಟು ಒಮ್ಮೆ 24 ದಿನಕ್ಕೆ ಬರುತ್ತೆ, ಒಮ್ಮೆ 50 ದಿನಕ್ಕೆ. ರಾತ್ರಿ 3 ಗಂಟೆಗೆ ಬೆವತು ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಎರಡು ತಿಂಗಳಿಂದ ರಾತ್ರಿ ಊಟ ಬಿಟ್ಟಿದ್ದೇನೆ. ಒಂದು ಕಿಲೋ ಇಳಿಯಿತು, ಮತ್ತೆ ಬಂತು. ಥೈರಾಯ್ಡ್ ಎರಡು ವರ್ಷದ ಹಿಂದೆ ನೋಡಿಸಿದ್ದೆ, ಸರಿ ಇತ್ತು. ಒಂದೂವರೆ ವರ್ಷದಿಂದ ತಲೆನೋವು ಬರದಿರಲಿ ಅಂತ ರಾತ್ರಿ ಒಂದು ಮಾತ್ರೆ ತೆಗೆದುಕೊಳ್ಳುತ್ತೇನೆ, ಬೇರೆ ಔಷಧಿ ಇಲ್ಲ. ಇದೆಲ್ಲ ಹಾರ್ಮೋನಿನಿಂದಲೇ ಅಲ್ವಾ? ಹಾರ್ಮೋನ್ ತೆಗೆದುಕೊಂಡರೆ ಇಳಿಯುತ್ತಾ? ಇನ್ನೂ ಎಷ್ಟು ಕಡಿಮೆ ತಿನ್ನಬೇಕು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇನ್ನೂ ಕಡಿಮೆ ತಿನ್ನಬೇಡಿ. ಬಿಟ್ಟಿರುವ ರಾತ್ರಿ ಊಟವನ್ನು ಇವತ್ತೇ ಮತ್ತೆ ಶುರು ಮಾಡಿ. ತೂಕ ಇಳಿಸುವುದು ಹೇಗೆ ಅಂತ ಕೇಳಿದರೆ ಊಟ ಮಾಡಿ ಅನ್ನುತ್ತಾರಲ್ಲ ಅಂತ ನಿಮಗೆ ಅನ್ನಿಸಬಹುದು. ಅದಕ್ಕೆ ಕಾರಣ ಇದೆ. ಆ ಕಾರಣ ಒಮ್ಮೆ ಮನಸ್ಸಿಗೆ ಹತ್ತಿದರೆ ಮುಂದಿನದೆಲ್ಲ ಸುಲಭ.

"ನಂಬಿ" ಅಂತ ಬರೆದಿದ್ದೀರಿ. ನಂಬುತ್ತೇನೆ. ಈ ವಯಸ್ಸಿನವರು ಡಾಕ್ಟರ ಮುಂದೆ ಕೂತಾಗ ಮೊದಲು ಹೇಳುವ ಮಾತೇ ಇದು. ಎಷ್ಟೋ ಜನರಿಗೆ "ಕಡಿಮೆ ತಿನ್ನಿ, ಜಾಸ್ತಿ ನಡೆಯಿರಿ" ಅನ್ನುವ ಒಂದೇ ಉತ್ತರ ಸಿಕ್ಕಿರುತ್ತದೆ. ಅದನ್ನು ಮಾಡಿ ನೋಡಿ, ಆಗದೆ, ತಮ್ಮದೇ ತಪ್ಪು ಅಂದುಕೊಂಡು ಬಂದಿರುತ್ತಾರೆ. ನಿಮ್ಮ ತಪ್ಪೇನೂ ಇಲ್ಲ. ದೇಹದ ಒಳಗೆ ಲೆಕ್ಕ ಬದಲಾಗಿದೆ.

ನೀವು ಈಗ ಇರುವ ಹಂತಕ್ಕೆ ಪೆರಿಮೆನೋಪಾಸ್ ಅನ್ನುತ್ತಾರೆ. ಮುಟ್ಟು ಪೂರ್ತಿ ನಿಲ್ಲುವುದಕ್ಕೆ ಮುಂಚಿನ ವರ್ಷಗಳು ಇವು. ಸತತ 12 ತಿಂಗಳು ಮುಟ್ಟು ಬಾರದಿದ್ದರೆ ಮಾತ್ರ ಅದು ಮೆನೋಪಾಸ್. ಅದಕ್ಕೆ ಮೊದಲಿನ ಈ ಓಲಾಟ ಸಾಮಾನ್ಯವಾಗಿ ನಾಲ್ಕು ವರ್ಷದ ಆಸುಪಾಸು ಇರುತ್ತದೆ. ಕೆಲವರಿಗೆ ಕೆಲವೇ ತಿಂಗಳು, ಕೆಲವರಿಗೆ ಎಂಟು ವರ್ಷಕ್ಕೂ ಮೇಲೆ. ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಮೆಟ್ಟಿಲು ಇಳಿದ ಹಾಗೆ ಒಂದೇ ಸಮನೆ ಇಳಿಯುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಒಂದು ತಿಂಗಳು ಮೊದಲಿಗಿಂತ ಮೇಲೆ ಹಾರುತ್ತದೆ, ಮುಂದಿನ ತಿಂಗಳು ಕೆಳಗೆ ಬೀಳುತ್ತದೆ. ನಿಮ್ಮ 24 ದಿನ, 50 ದಿನದ ಮುಟ್ಟು ಅದೇ ಏರಿಳಿತದ ಗುರುತು. ಅದಕ್ಕೇ 45 ದಾಟಿದವರಲ್ಲಿ ಪೆರಿಮೆನೋಪಾಸ್ ಹೌದೋ ಅಲ್ವೋ ಅಂತ ತಿಳಿಯಲು ಹಾರ್ಮೋನಿನ ರಕ್ತಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ. ಇವತ್ತು ಬಂದ ಅಂಕಿ ಮುಂದಿನ ವಾರ ಇರುವುದಿಲ್ಲ. ನೀವು ಹೇಳಿದ ಲಕ್ಷಣಗಳೇ ಸಾಕು.

ಈಗ ತೂಕದ ವಿಷಯ. ಅಮೆರಿಕದಲ್ಲಿ 1996ರಲ್ಲಿ ಶುರುವಾದ ಸ್ವಾನ್ ಅನ್ನುವ ದೊಡ್ಡ ಅಧ್ಯಯನ ಇದೆ. 42ರಿಂದ 52 ವರ್ಷದ ಮೂರು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡು, ವರ್ಷಗಟ್ಟಲೆ ಹಿಂಬಾಲಿಸಿದರು. ಅವರಲ್ಲಿ ಹಲವರ ಕೊಬ್ಬು ಎಷ್ಟು, ಸ್ನಾಯು ಎಷ್ಟು ಅಂತ ಸ್ಕ್ಯಾನ್ ಮಾಡಿ ಬೇರೆ ಬೇರೆಯಾಗಿ ಅಳೆದರು. 2019ರಲ್ಲಿ ಬಂದ ಅದರ ಫಲಿತಾಂಶ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ತಕ್ಕಡಿಯ ಮೇಲಿನ ತೂಕ ವಯಸ್ಸಿನ ಜೊತೆ ಒಂದೇ ವೇಗದಲ್ಲಿ ಏರುತ್ತಾ ಹೋಗಿತ್ತು. ಪೆರಿಮೆನೋಪಾಸ್ ಬಂತು ಅಂತ ತೂಕ ಏರುವ ವೇಗ ಹೆಚ್ಚಿರಲಿಲ್ಲ. ಆದರೆ ಒಳಗೆ ನೋಡಿದರೆ, ಈ ಹಂತ ಶುರುವಾದ ಕೂಡಲೇ ಕೊಬ್ಬು ಸೇರುವ ವೇಗ ಹೆಚ್ಚೂಕಡಿಮೆ ಎರಡರಷ್ಟಾಗಿತ್ತು. ಅದೇ ಹೊತ್ತಿಗೆ ಸ್ನಾಯು ಕರಗುವುದಕ್ಕೆ ಶುರುವಾಗಿತ್ತು. ಕೊನೆಯ ಮುಟ್ಟು ಆಗಿ ಸುಮಾರು ಎರಡು ವರ್ಷದವರೆಗೆ ಇದು ನಡೆದು, ಆಮೇಲೆ ನಿಂತಿತ್ತು.

ಅಂದರೆ ತಕ್ಕಡಿ ಅರ್ಧ ಕತೆ ಮಾತ್ರ ಹೇಳುತ್ತದೆ. ಸ್ನಾಯು ಒಂದು ಕಡೆ ಹೋಗುತ್ತಿರುತ್ತದೆ, ಕೊಬ್ಬು ಇನ್ನೊಂದು ಕಡೆ ಬರುತ್ತಿರುತ್ತದೆ. ಜೊತೆಗೆ ಆ ಕೊಬ್ಬು ಕೂರುವ ಜಾಗವೂ ಬದಲಾಗುತ್ತದೆ. ಈಸ್ಟ್ರೋಜನ್ ಚೆನ್ನಾಗಿದ್ದಾಗ ಕೊಬ್ಬು ತೊಡೆ, ಪೃಷ್ಠದ ಕಡೆ ಹೋಗುತ್ತಿತ್ತು. ಅದು ಕಡಿಮೆಯಾಗುತ್ತಾ ಬಂದಂತೆ ಹೊಟ್ಟೆಗೆ ಬಂದು ಕೂರುತ್ತದೆ. ಚರ್ಮದ ಕೆಳಗೆ ಮಾತ್ರ ಅಲ್ಲ, ಒಳಗೆ ಕರುಳು, ಲಿವರಿನ ಸುತ್ತ. "ಕೈಕಾಲು ಹಾಗೇ ಇವೆ, ಹೊಟ್ಟೆ ಮಾತ್ರ" ಅಂದಿರಲ್ಲ, ಅದು ಇದೇ. ಒಳಗಿನ ಈ ಕೊಬ್ಬು ಸುಮ್ಮನೆ ಕೂರುವಂಥದ್ದಲ್ಲ. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆಗೆ ದಾರಿ ಮಾಡುತ್ತದೆ. ನಿಮ್ಮ ಹೊಟ್ಟೆಯ ಬಗ್ಗೆ ನನಗೆ ಕಾಳಜಿ ಇರುವುದು ಇದಕ್ಕೆ, ಚೆಂದಕ್ಕಲ್ಲ.

ಈಗ ಊಟ ಬಿಟ್ಟರೆ ಏನಾಗುತ್ತದೆ ನೋಡಿ. ಹೊಟ್ಟೆಗೆ ಸಾಲದಾದಾಗ ದೇಹ ಕೊಬ್ಬನ್ನು ಮಾತ್ರ ಕರಗಿಸುವುದಿಲ್ಲ, ಸ್ನಾಯುವನ್ನೂ ಕರಗಿಸುತ್ತದೆ. ಮೊದಲೇ ಸ್ನಾಯು ಕಳೆದುಕೊಳ್ಳುತ್ತಿರುವ ಹೊತ್ತು ಇದು. ಮೂಳೆಯೂ ಅಷ್ಟೇ. ಕೊನೆಯ ಮುಟ್ಟಿಗೆ ಸುಮಾರು ಒಂದು ವರ್ಷ ಮುಂಚಿನಿಂದ ಎರಡು ವರ್ಷ ನಂತರದವರೆಗೆ ಮೂಳೆ ಸವೆಯುವುದು ಅತಿ ವೇಗ. ಆ ಹೊತ್ತಲ್ಲಿ ಉಪವಾಸ ಮಾಡಿದರೆ ಇಳಿಯುವ ಒಂದು ಕಿಲೋದಲ್ಲಿ ನಿಮಗೆ ಬೇಕಾದದ್ದೂ ಹೋಗುತ್ತದೆ. ತೂಕ ಮತ್ತೆ ಬಂದಾಗ ಬರುವುದು ಬಹುಪಾಲು ಕೊಬ್ಬೇ. ಎರಡು ತಿಂಗಳಲ್ಲಿ ನಿಮ್ಮ ತಕ್ಕಡಿ ಇಳಿದು ಮತ್ತೆ ಏರಿದ್ದು ಬರೀ ಸೊನ್ನೆ ಲೆಕ್ಕ ಅಲ್ಲ, ಸ್ವಲ್ಪ ನಷ್ಟದ ಲೆಕ್ಕ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನೂ ತೆಗೆದುಬಿಡೋಣ. "ನಲವತ್ತಾದ ಮೇಲೆ ಮೆಟಬಾಲಿಸಂ, ಅಂದರೆ ದೇಹ ಶಕ್ತಿ ಖರ್ಚು ಮಾಡುವ ಕೆಲಸ, ಸತ್ತುಹೋಗುತ್ತದೆ" ಅನ್ನುತ್ತಾರೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಲೆಕ್ಕ ಇತ್ತು. ಎಂಟು ದಿನದ ಕೂಸಿನಿಂದ 95 ವರ್ಷದವರವರೆಗೆ. ದೇಹದ ಗಾತ್ರ, ಸ್ನಾಯುವಿನ ಪ್ರಮಾಣ ಲೆಕ್ಕಕ್ಕೆ ಹಿಡಿದರೆ, 20ರಿಂದ 60 ವರ್ಷದವರೆಗೆ ದೇಹ ಖರ್ಚು ಮಾಡುವ ಶಕ್ತಿ ಹೆಚ್ಚೂಕಡಿಮೆ ಒಂದೇ. "ಸ್ನಾಯುವಿನ ಪ್ರಮಾಣ ಲೆಕ್ಕಕ್ಕೆ ಹಿಡಿದರೆ" ಅನ್ನುವುದನ್ನು ಇನ್ನೊಮ್ಮೆ ಓದಿ. ಸ್ನಾಯು ಕಡಿಮೆಯಾದರೆ ಖರ್ಚೂ ಕಡಿಮೆಯಾಗುತ್ತದೆ. ಸ್ನಾಯು ಉಳಿಸಿಕೊಂಡರೆ ಖರ್ಚೂ ಬಹುಮಟ್ಟಿಗೆ ಉಳಿಯುತ್ತದೆ. ಅದು ನಿಮ್ಮ ಕೈಯಲ್ಲೇ ಇದೆ. ಇದನ್ನು ಹೇಳುವಾಗ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ಇನ್ನು "ಇದೆಲ್ಲ ಹಾರ್ಮೋನಿನಿಂದಲೇ ಅಲ್ವಾ" ಅನ್ನುವ ಪ್ರಶ್ನೆ. ಪೂರ್ತಿ ಅಲ್ಲ ಅಂತ ನನ್ನ ಅಂದಾಜು. ನಡುವಯಸ್ಸಿನ ಹೆಂಗಸರ ತೂಕ ಸರಾಸರಿ ವರ್ಷಕ್ಕೆ ಅರ್ಧದಿಂದ ಮುಕ್ಕಾಲು ಕಿಲೋ ಏರುತ್ತದೆ. ಮೂರು ವರ್ಷಕ್ಕೆ ಎರಡು ಕಿಲೋ ಅಂದುಕೊಳ್ಳಿ. ನಿಮಗೆ ಏರಿರುವುದು ಏಳು. ಉಳಿದ ಐದು ಎಲ್ಲಿಂದ ಬಂತು? "ಹಾರ್ಮೋನ್, ಏನೂ ಮಾಡಕ್ಕಾಗಲ್ಲ" ಅಂತ ಸುಮ್ಮನಾಗುವ ಮೊದಲು ಇದನ್ನು ಹುಡುಕಬೇಕು.

ನನ್ನ ಕಣ್ಣು ಮೊದಲು ಹೋದದ್ದು ನಿಮ್ಮ ತಲೆನೋವಿನ ಮಾತ್ರೆಯ ಮೇಲೆ. ಅದರ ಹೆಸರು ಬರೆದಿಲ್ಲ. ಮೈಗ್ರೇನ್ ಬರದಂತೆ ತಡೆಯಲು ಕೊಡುವ ಔಷಧಿಗಳಲ್ಲಿ ಹಲವು ತೂಕ ಏರಿಸುತ್ತವೆ. ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್, ವಾಲ್ಪ್ರೋಯೇಟ್ ಏರಿಸುತ್ತವೆ. ಪ್ರೊಪ್ರನೊಲಾಲ್ ಕೂಡ ಸ್ವಲ್ಪ ಏರಿಸಬಹುದು. ಕೆಲವು ಹಸಿವು ಹೆಚ್ಚಿಸುತ್ತವೆ, ಕೆಲವು ಮೈ ಜಡ ಮಾಡುತ್ತವೆ. ಮನೆಗೆ ಹೋಗಿ ಮಾತ್ರೆಯ ಹಾಳೆ ತಿರುಗಿಸಿ, ಬ್ರ್ಯಾಂಡ್ ಹೆಸರಿನ ಕೆಳಗೆ ಚಿಕ್ಕ ಅಕ್ಷರದಲ್ಲಿರುವ ಔಷಧಿಯ ಹೆಸರು ನೋಡಿ. ತೂಕ ಜೋರಾಗಿ ಏರಿದ್ದು ಆ ಮಾತ್ರೆ ಶುರುವಾದ ಮೇಲೆಯಾ ಅಂತಲೂ ನೆನಪು ಮಾಡಿಕೊಳ್ಳಿ. ಹಳೆಯ ಫೋಟೋ, ಹೊಲಿಗೆಯ ಅಳತೆ, ಬಟ್ಟೆಯ ಸೈಜ್ ನೆನಪಿಗೆ ಸಹಾಯ ಮಾಡುತ್ತವೆ. ಆದರೆ ಒಂದು ಮಾತು: ನೀವೇ ಮಾತ್ರೆ ನಿಲ್ಲಿಸಬೇಡಿ. ಕೊಟ್ಟ ಡಾಕ್ಟರ್ ಹತ್ತಿರ ಹೋಗಿ, "ಮೂರು ವರ್ಷದಲ್ಲಿ ಏಳು ಕಿಲೋ ಏರಿದೆ, ಇದರ ಬದಲು ಬೇರೆ ಇದೆಯಾ" ಅಂತ ಕೇಳಿ. ಬದಲಿ ಔಷಧಿಗಳು ಇವೆ. ಇದನ್ನು ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ: ಸ್ಟೆರಾಯ್ಡ್, ಇನ್ಸುಲಿನ್, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ, ಖಿನ್ನತೆಯ ಕೆಲವು ಮಾತ್ರೆ, ನರದ ನೋವಿಗೆ ಕೊಡುವ ಗ್ಯಾಬಾಪೆಂಟಿನ್, ಇವೂ ತೂಕ ಏರಿಸಬಹುದು.

ಎರಡನೆಯದು ಥೈರಾಯ್ಡ್. ಎರಡು ವರ್ಷದ ಹಿಂದಿನ ರಿಪೋರ್ಟ್ ಈಗ ಹಳೆಯದು. ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತಪರೀಕ್ಷೆ ಮತ್ತೆ ಮಾಡಿಸಿ. ಜೊತೆಗೆ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಹಿಮೋಗ್ಲೋಬಿನ್ ನೋಡಿಸಿ, ಬಿಪಿ ಅಳೆಸಿ. ಹಿಮೋಗ್ಲೋಬಿನ್ ಯಾಕೆ ಅಂದರೆ, ಈ ವಯಸ್ಸಲ್ಲಿ ಮುಟ್ಟು ತುಂಬಾ ಹೋಗಿ ರಕ್ತ ಕಡಿಮೆಯಾಗುವುದು ಬಹಳ ಸಾಮಾನ್ಯ. ರಕ್ತ ಕಡಿಮೆ ಇದ್ದರೆ ಸುಸ್ತು, ಸುಸ್ತಾದರೆ ಓಡಾಟ ಕಡಿಮೆ. ಗೊರಕೆ ಜೋರಾಗಿದ್ದು, ಹಗಲು ತೂಕಡಿಕೆ ಬಂದರೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ಕಾಯಿಲೆಯ ಬಗ್ಗೆಯೂ ಕೇಳಿ. ಗಂಡಸರ ಕಾಯಿಲೆ ಅಂದುಕೊಂಡು ಹೆಂಗಸರಲ್ಲಿ ಇದನ್ನು ನೋಡುವುದೇ ಇಲ್ಲ. ಮುಟ್ಟು ನಿಲ್ಲುವ ಹೊತ್ತಿಗೆ ಇದು ಹೆಚ್ಚಾಗುತ್ತದೆ.

ಇನ್ನೆರಡು ವಿಷಯ, ಚಿಕ್ಕದಾಗಿ, ಆದರೆ ಮರೆಯಬಾರದ್ದು. ಮುಟ್ಟು ಏರುಪೇರಾದರೂ ಗರ್ಭ ನಿಲ್ಲಬಹುದು. ತಡವಾದಾಗ ಅನುಮಾನ ಇದ್ದರೆ ಪರೀಕ್ಷೆ ಮಾಡಿ. ಹೊಟ್ಟೆ ಕೊಬ್ಬಿನಿಂದ ದಪ್ಪವಾಗುವುದೇ ಬೇರೆ, ಉಬ್ಬುವುದೇ ಬೇರೆ. ವಾರಗಟ್ಟಲೆ ಹೆಚ್ಚುಕಡಿಮೆ ದಿನಾ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರ, ಇವಿದ್ದರೆ ತಡ ಮಾಡದೆ ತೋರಿಸಿ, ಅಂಡಾಶಯ ನೋಡಬೇಕಾಗುತ್ತದೆ. ಗಂಟೆಗೊಂದು ಪ್ಯಾಡ್ ಒದ್ದೆಯಾಗುವಷ್ಟು ರಕ್ತ ಹೋದರೆ, ಎರಡು ಮುಟ್ಟಿನ ನಡುವೆ ರಕ್ತ ಕಂಡರೆ, ವರ್ಷ ನಿಂತು ಮತ್ತೆ ರಕ್ತ ಕಂಡರೆ ಅದನ್ನು "ವಯಸ್ಸಿನದ್ದು" ಅಂತ ಬಿಡಬಾರದು.

ಈಗ ಒಂದು ಟೇಪು ತಗೊಳ್ಳಿ, ಹೊಲಿಗೆಯವರು ಬಳಸುವಂಥದ್ದು. ಬರೀ ಹೊಟ್ಟೆಯ ಮೇಲೆ ಅಳೆಯಬೇಕು, ಬಟ್ಟೆಯ ಮೇಲೆ ಅಲ್ಲ. ಪಕ್ಕದಲ್ಲಿ ಕೊನೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತದೆ ಅಂತ ಬೆರಳಿಂದ ಮುಟ್ಟಿ ನೋಡಿ. ಕೆಳಗೆ ಸೊಂಟದ ಮೂಳೆಯ ಮೇಲಿನ ಅಂಚನ್ನೂ ಮುಟ್ಟಿ ನೋಡಿ. ಎರಡರ ನಡುಮಧ್ಯದಲ್ಲಿ ಟೇಪು ಸುತ್ತಿ. ಹಿಂದೆ ಕೆಳಗೆ ಜಾರದ ಹಾಗೆ ಕನ್ನಡಿಯಲ್ಲಿ ನೋಡಿಕೊಳ್ಳಿ. ಹೊಟ್ಟೆ ಒಳಗೆ ಎಳೆಯಬೇಡಿ. ಉಸಿರನ್ನು ಸಹಜವಾಗಿ ಬಿಟ್ಟು, ಬಿಟ್ಟ ಕೊನೆಯಲ್ಲಿ ಓದಿ. ಈ ಅಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ನಿಮಗೆ ಅದು 80 ಸೆಂಟಿಮೀಟರ್. ತಿಂಗಳಿಗೊಮ್ಮೆ, ಬೆಳಗ್ಗೆ, ತಿಂಡಿಗೆ ಮುಂಚೆ ಅಳೆದು ಬರೆದಿಡಿ. ದಿನಾ ತಕ್ಕಡಿ ಹತ್ತುವ ಅಭ್ಯಾಸ ಇದ್ದರೆ ವಾರಕ್ಕೊಮ್ಮೆ ಮಾಡಿಕೊಳ್ಳಿ. ಮುಟ್ಟಿನ ಆಸುಪಾಸಿನಲ್ಲಿ ನೀರು ನಿಂತೇ ಒಂದೆರಡು ಕಿಲೋ ಹೆಚ್ಚು ತೋರಿಸಬಹುದು. ಅದನ್ನು ನೋಡಿ ಅವತ್ತಿನ ಊಟ ಬಿಡುವವರನ್ನು ನಾನು ಕಂಡಿದ್ದೇನೆ.

ಈಗ ಸ್ನಾಯುವಿನ ಮಾತು. ನನ್ನ ಬಳಿ ಒಬ್ಬ ಶಿಕ್ಷಕಿ ಬರುತ್ತಿದ್ದರು, 49 ವರ್ಷ. ದಿನಾ ಒಂದು ಗಂಟೆ ನಡೆಯುತ್ತಿದ್ದರು, ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಎದ್ದು ಕೂರಿ ಅಂದೆ. ಮೂರು ಸಲ ಎದ್ದರು. ನಾಲ್ಕನೆಯ ಸಲ ಮುಂದಕ್ಕೆ ವಾಲಿ, ತಮಗೆ ಗೊತ್ತಿಲ್ಲದೆ ಕೈ ಬಿಡಿಸಿ ಕುರ್ಚಿಯ ಹಿಡಿ ಹಿಡಿದುಕೊಂಡರು. ಅವರಿಗೇ ಆಶ್ಚರ್ಯ. "ಇಷ್ಟು ನಡೆಯುತ್ತೇನಲ್ಲ" ಅಂದರು. ನಡಿಗೆ ಹೃದಯಕ್ಕೆ ಒಳ್ಳೆಯದು, ಮನಸ್ಸಿಗೆ ಒಳ್ಳೆಯದು, ಆದರೆ ವರ್ಷಗಟ್ಟಲೆ ಅದೇ ದಾರಿ ಅದೇ ವೇಗದಲ್ಲಿ ನಡೆದರೆ ಸ್ನಾಯುವಿಗೆ ಹೊಸದಾಗಿ ಬೆಳೆಯುವ ಕಾರಣ ಇರುವುದಿಲ್ಲ. ಅದಕ್ಕೆ ಭಾರ ಬೇಕು. ಅವರು ವಾರಕ್ಕೆ ಎರಡು ದಿನ, ಅರ್ಧ ಅರ್ಧ ಗಂಟೆ ಭಾರದ ವ್ಯಾಯಾಮ ಶುರು ಮಾಡಿದರು. ನಾಲ್ಕು ತಿಂಗಳಾದ ಮೇಲೆ ತೂಕ ಇಳಿದಿದ್ದು ಒಂದೂವರೆ ಕಿಲೋ, ಅಷ್ಟೇ. ಸೊಂಟ ಇಳಿದಿದ್ದು ಐದು ಸೆಂಟಿಮೀಟರ್. ಕುರ್ಚಿಯಿಂದ ಹನ್ನೆರಡು ಸಲ ಎದ್ದು ತೋರಿಸಿ, "ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯೋದು ಬಿಟ್ಟೆ" ಅಂದರು.

ನೀವೂ ಕುರ್ಚಿಯಿಂದಲೇ ಶುರು ಮಾಡಿ. ಕುಳಿತು ಏಳುವುದು, ಹತ್ತು ಸಲ. ಇಳಿಯುವಾಗ ದೊಪ್ಪನೆ ಕೂರಬೇಡಿ, ಮೂರು ಎಣಿಸುವಷ್ಟು ನಿಧಾನವಾಗಿ ಇಳಿಯಿರಿ. ಗೋಡೆಗೆ ಎರಡು ಕೈ ಇಟ್ಟು ಮೈ ಮುಂದೆ ಬಗ್ಗಿಸಿ ತಳ್ಳುವುದು. ನೆಲದ ಮೇಲೆ ಇಟ್ಟ ಪುಸ್ತಕ ತುಂಬಿದ ಚೀಲವನ್ನು ಬೆನ್ನು ನೇರ ಇಟ್ಟು, ಸೊಂಟದಿಂದ ಬಾಗಿ ಎತ್ತುವುದು. ಚೀಲವನ್ನು ಪಕ್ಕೆಯ ಕಡೆಗೆ ಎಳೆಯುವುದು. ಈ ನಾಲ್ಕೇ ಸಾಕು, ಎರಡೆರಡು ಸುತ್ತು. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು, ಆದರೆ ಭಂಗಿ ಕೆಡಬಾರದು. ಸುಲಭ ಅನ್ನಿಸಿದ ವಾರ ಚೀಲಕ್ಕೆ ಇನ್ನೊಂದು ಪುಸ್ತಕ ಹಾಕಿ, ಅಥವಾ ಡಂಬೆಲ್ ತಗೊಳ್ಳಿ. ಎರಡು ದಿನದ ನಡುವೆ ಒಂದೆರಡು ದಿನ ಬಿಡುವು ಇರಲಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದನ್ನೇ: ವಾರಕ್ಕೆ 150ರಿಂದ 300 ನಿಮಿಷ ಮೈ ಬೆಚ್ಚಗಾಗುವ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುವಿಗೆ ಕೆಲಸ. ಮೊದಲನೆಯದನ್ನು ನೀವು ಆಗಲೇ ಮಾಡುತ್ತಿದ್ದೀರಿ. 40 ನಿಮಿಷದಲ್ಲಿ ಐದಾರು ಸಲ, ಒಂದೊಂದು ನಿಮಿಷ, ಮಾತಾಡಲು ಉಸಿರು ಸಾಲದಷ್ಟು ಜೋರಾಗಿ ನಡೆದರೆ ಇನ್ನೂ ಒಳ್ಳೆಯದು. ಮೊಣಕಾಲು ನೋವು, ಬಿಪಿ, ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಎಷ್ಟೋ ಹೆಂಗಸರು ಬಾಯಿ ಬಿಟ್ಟು ಹೇಳದ ಒಂದು ಕಾರಣಕ್ಕೆ ವ್ಯಾಯಾಮ ಬಿಡುತ್ತಾರೆ. ಭಾರ ಎತ್ತಿದಾಗ, ಜಿಗಿದಾಗ, ಕೆಮ್ಮಿದಾಗ ಮೂತ್ರ ಸೋರುತ್ತದೆ. ನಾಚಿಕೆಯಿಂದ ಸುಮ್ಮನಾಗುತ್ತಾರೆ. ಇದಕ್ಕೆ ಚಿಕಿತ್ಸೆ ಇದೆ. ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್‌ಗಳಿದ್ದಾರೆ. ಮೂರು ತಿಂಗಳು ಸರಿಯಾಗಿ ಮಾಡಿದರೆ ತುಂಬಾ ಜನರಿಗೆ ಕಡಿಮೆಯಾಗುತ್ತದೆ. ದಯವಿಟ್ಟು ಕೇಳಿ.

ಊಟಕ್ಕೆ ಬರೋಣ. ಇಲ್ಲಿ ನಾನು ಮೊದಲು ಸೇರಿಸುವುದರ ಬಗ್ಗೆ ಹೇಳುತ್ತೇನೆ, ಆಮೇಲೆ ಕಳೆಯುವುದರ ಬಗ್ಗೆ. ಸೇರಿಸಬೇಕಾದದ್ದು ಪ್ರೋಟೀನ್. ನಿಮ್ಮ ವಯಸ್ಸಿಗೆ, ಸ್ನಾಯು ಉಳಿಸಿಕೊಳ್ಳಬೇಕು ಅಂದರೆ, ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ದಿನಕ್ಕೆ ಬೇಕು. ನಿಮಗೆ ಅದು ಸುಮಾರು 70ರಿಂದ 80 ಗ್ರಾಂ. ಕೇಳಲು ದೊಡ್ಡ ಅಂಕಿ ಅಲ್ಲ, ಆದರೆ ತಿನ್ನಲು ಹೋದಾಗ ಗೊತ್ತಾಗುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಬೇಯಿಸಿದ ಕಾಳು ಒಂದು ಬಟ್ಟಲು ತುಂಬಾ ತಿಂದರೆ ಸುಮಾರು 15. ಒಂದು ಬಟ್ಟಲು ಮೊಸರಲ್ಲಿ 6-7. ನೂರು ಗ್ರಾಂ ಬೇಯಿಸಿದ ಮೀನು ಅಥವಾ ಕೋಳಿಯಲ್ಲಿ 20ಕ್ಕೂ ಮೇಲೆ. ಎಲ್ಲವನ್ನೂ ಒಂದೇ ಹೊತ್ತಿಗೆ ತಿನ್ನುವ ಬದಲು ಮೂರು ಹೊತ್ತಿಗೆ ಹಂಚಿ. ಬೆಳಗಿನ ತಿಂಡಿಯಲ್ಲೇ ಬಹಳ ಜನರಿಗೆ ಕೊರತೆ ಇರುವುದು. ಅಲ್ಲಿ 20 ಗ್ರಾಂ ಬಂದರೆ ಮಧ್ಯಾಹ್ನದವರೆಗೆ ಹಸಿವೂ ಅಷ್ಟು ಕಾಡುವುದಿಲ್ಲ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.

ತಟ್ಟೆಯ ಅರ್ಧ ತರಕಾರಿ, ಸೊಪ್ಪು. ಕಾಲು ಭಾಗ ಪ್ರೋಟೀನ್. ಉಳಿದ ಕಾಲು ಭಾಗ ಧಾನ್ಯ. ಹೀಗೆ ಹಾಕಿಕೊಂಡರೆ ಗ್ರಾಂ ಲೆಕ್ಕ ಹಾಕದೆಯೂ ಊಟ ಸರಿಹೋಗುತ್ತದೆ, ಧಾನ್ಯ ತಾನಾಗಿಯೇ ಕಡಿಮೆಯಾಗುತ್ತದೆ. ಕಳೆಯಬೇಕಾದದ್ದು ಹೆಚ್ಚಾಗಿ ಊಟದಲ್ಲಿ ಇರುವುದೇ ಇಲ್ಲ. ಊಟದ ನಡುವೆ ಇರುತ್ತದೆ. ಸಕ್ಕರೆ ಹಾಕಿದ ಪಾನೀಯ, ಬಿಸ್ಕತ್ತು, ಕರಿದದ್ದು, ಮಿಕ್ಕಿದ್ದು ದಂಡವಾಗಬಾರದು ಅಂತ ಬಾಯಿಗೆ ಹಾಕಿಕೊಂಡದ್ದು. ಎರಡು ದಿನ ಸುಮ್ನೆ ಬರೆದು ನೋಡಿ, ಬಾಯಿಗೆ ಹೋದ ಪ್ರತಿಯೊಂದನ್ನೂ. ಯಾರಿಗೂ ತೋರಿಸಬೇಕಾಗಿಲ್ಲ. ಮದ್ಯ ತೆಗೆದುಕೊಳ್ಳುವ ಅಭ್ಯಾಸ ಇದ್ದರೆ ಅದನ್ನು ಮೊದಲು ಕಡಿಮೆ ಮಾಡಿ. ಅದರಲ್ಲಿ ಕ್ಯಾಲರಿ ಜಾಸ್ತಿ, ನಿದ್ದೆಯನ್ನೂ ಕೆಡಿಸುತ್ತದೆ, ರಾತ್ರಿಯ ಬೆವರನ್ನೂ ಹೆಚ್ಚಿಸಬಹುದು.

ಹೊತ್ತು ನೋಡಿ ತಿನ್ನುವ ಉಪವಾಸದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಒಟ್ಟು ತಿಂದದ್ದು ಅಷ್ಟೇ ಇದ್ದರೆ ಅದರಿಂದ ವಿಶೇಷ ಲಾಭ ಇಲ್ಲ. ರಾತ್ರಿ ಊಟ ಬೇಗ ಮುಗಿಸಿ, ಆಮೇಲೆ ಏನೂ ತಿನ್ನದಿರುವುದು ನಿಮಗೆ ಹೊಂದಿದರೆ ಒಳ್ಳೆಯದೇ. ಆದರೆ ಒಂದು ಹೊತ್ತು ಬಿಟ್ಟು, ಪ್ರೋಟೀನ್ ಅರ್ಧಕ್ಕೆ ಇಳಿದು, ಹಸಿದ ಹೊಟ್ಟೆಯಲ್ಲಿ ನಿದ್ದೆ ಇನ್ನೂ ಕೆಟ್ಟರೆ ಅದು ನಿಮ್ಮ ವಿರುದ್ಧವೇ ಕೆಲಸ ಮಾಡುತ್ತದೆ.

ನಿದ್ದೆಯನ್ನು ಕೊನೆಗೆ ಇಟ್ಟೆ, ಆದರೆ ನಿಮ್ಮ ವಿಷಯದಲ್ಲಿ ನಾನು ಇದನ್ನೇ ಮೊದಲು ಸರಿ ಮಾಡಲು ನೋಡುತ್ತೇನೆ. ನಿದ್ದೆ ಕಡಿಮೆಯಾದರೆ ಹಸಿವು ಹುಟ್ಟಿಸುವ ಗ್ರೆಲಿನ್ ಏರುತ್ತದೆ, ಹೊಟ್ಟೆ ತುಂಬಿತು ಅಂತ ಹೇಳುವ ಲೆಪ್ಟಿನ್ ಇಳಿಯುತ್ತದೆ. 2004ರ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಯುವಕರಿಗೆ ಎರಡೇ ರಾತ್ರಿ ನಾಲ್ಕು ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟಾಗಲೂ ಹೀಗಾಯಿತು. ಅವರ ಬಾಯಿ ಸಿಹಿ, ಉಪ್ಪು, ಹಿಟ್ಟಿನ ತಿಂಡಿಗಳ ಕಡೆಗೇ ಹೋಗುತ್ತಿತ್ತು. ನೀವು ವರ್ಷದಿಂದ 3 ಗಂಟೆಗೆ ಏಳುತ್ತಿದ್ದರೆ ಸಂಜೆ ಏನಾದರೂ ಬೇಕು ಅನ್ನಿಸುವುದಕ್ಕೆ ಮನಸ್ಸಿನ ದೌರ್ಬಲ್ಯ ಕಾರಣ ಅಲ್ಲ. ಸ್ವಾನ್ ಅಧ್ಯಯನದಲ್ಲೇ ಮೈ ಬಿಸಿಯೇರಿ ಬೆವರುವ ಕಾಟ ಪದೇ ಪದೇ ಬರುತ್ತಿದ್ದವರಲ್ಲಿ ಅದು ಒಟ್ಟು ಏಳು ವರ್ಷಕ್ಕೂ ಮೇಲೆ ಇರುವುದು ಸಾಮಾನ್ಯ ಅಂತ ಕಂಡುಬಂತು. ಹಾಗಾಗಿ "ತಾನಾಗೇ ಹೋಗುತ್ತೆ" ಅಂತ ಕಾಯುವುದರಲ್ಲಿ ಅರ್ಥ ಇಲ್ಲ. ಮಲಗುವ ಕೋಣೆ ತಂಪಾಗಿರಲಿ, ಹೊದಿಕೆ ತೆಳುವಾಗಿ ಎರಡು ಪದರ ಇರಲಿ, ಮಧ್ಯಾಹ್ನದ ಮೇಲೆ ಕಾಫಿ ಬೇಡ. ಎಚ್ಚರವಾಗಿ ಇಪ್ಪತ್ತು ನಿಮಿಷ ಹೊರಳಾಡಿದರೆ ಎದ್ದು ಬೇರೆ ಕಡೆ ಮಂದ ಬೆಳಕಲ್ಲಿ ಕೂತು, ನಿದ್ದೆ ಬಂದಾಗ ಮತ್ತೆ ಮಲಗಿ. ನಿದ್ದೆಗಾಗಿಯೇ ಇರುವ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ. ಇಷ್ಟರಿಂದ ಆಗದಿದ್ದರೆ ಬೆವರಿಗೇ ಔಷಧಿ ತೆಗೆದುಕೊಳ್ಳಬೇಕು.

ಹಾರ್ಮೋನ್ ಚಿಕಿತ್ಸೆಯ ಮಾತು ಬರುವುದು ಇಲ್ಲಿ. ಅದು ತೂಕ ಇಳಿಸುವ ಔಷಧಿ ಅಲ್ಲ. ಅದಕ್ಕಾಗಿಯೇ ಅಂತ ಯಾರೂ ಕೊಡಬಾರದು, ನೀವೂ ಕೇಳಬೇಡಿ. ಆದರೆ ಅದರಿಂದ ದಪ್ಪ ಆಗುತ್ತಾರೆ ಅನ್ನುವ ಹೆದರಿಕೆಗೂ ಆಧಾರ ಇಲ್ಲ. ಕೊಬ್ಬು ಹೊಟ್ಟೆಯ ಕಡೆ ಸರಿಯುವುದನ್ನು ಅದು ಸ್ವಲ್ಪ ತಡೆಯಬಹುದು. ಅದಕ್ಕಿಂತ ಮುಖ್ಯವಾಗಿ ರಾತ್ರಿಯ ಬೆವರು ನಿಂತು ನಿದ್ದೆ ಬಂದರೆ, ವ್ಯಾಯಾಮ ಮಾಡಲು ಮೈಗೆ ಶಕ್ತಿ ಬರುತ್ತದೆ. ಬೆವರಿನ ಕಾಟ ಇರುವ, 60 ವರ್ಷದೊಳಗಿನ ಅಥವಾ ಮೆನೋಪಾಸ್ ಆಗಿ ಹತ್ತು ವರ್ಷ ಆಗಿರದ, ಬೇರೆ ಅಡ್ಡಿ ಇಲ್ಲದವರಲ್ಲಿ ಲಾಭವೇ ಸಾಮಾನ್ಯವಾಗಿ ಹೆಚ್ಚು. ಸ್ತನ ಕ್ಯಾನ್ಸರ್ ಆಗಿದ್ದರೆ, ರಕ್ತ ಹೆಪ್ಪುಗಟ್ಟಿದ್ದರೆ, ಪಾರ್ಶ್ವವಾಯು ಅಥವಾ ಹೃದಯಾಘಾತ ಆಗಿದ್ದರೆ, ಲಿವರ್ ಕಾಯಿಲೆ ಇದ್ದರೆ, ಕಾರಣ ತಿಳಿಯದ ರಕ್ತಸ್ರಾವ ಇದ್ದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಬೇಕೇ ಬೇಕು. ನಿಮಗಿರುವುದು ಮೈಗ್ರೇನ್ ಆಗಿದ್ದರೆ ಅದನ್ನು ಹೇಳಿ. ಅಂಥವರಿಗೆ ಮಾತ್ರೆಗಿಂತ ಚರ್ಮಕ್ಕೆ ಅಂಟಿಸುವ ಪ್ಯಾಚ್ ಅಥವಾ ಹಚ್ಚುವ ಜೆಲ್ ಒಳ್ಳೆಯದು, ಹಾರ್ಮೋನಿನ ಮಟ್ಟ ಅಷ್ಟಾಗಿ ಏರಿಳಿಯುವುದಿಲ್ಲ, ರಕ್ತ ಹೆಪ್ಪುಗಟ್ಟುವ ಅಪಾಯವೂ ಕಡಿಮೆ. ಇದು ಗರ್ಭನಿರೋಧಕ ಅಲ್ಲ ಅನ್ನುವುದೂ ನೆನಪಿರಲಿ. ಹಾರ್ಮೋನ್ ಬೇಡ ಅನ್ನುವವರಿಗೆ ಬೆವರು ತಗ್ಗಿಸುವ ಬೇರೆ ಔಷಧಿಗಳಿವೆ.

ತೂಕ ಇಳಿಸುವ ಇಂಜೆಕ್ಷನ್‌ಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅವುಗಳಲ್ಲಿ ಒಂದಾದ ಸೆಮಾಗ್ಲುಟೈಡ್ ಅನ್ನು ಒಂದು ಪ್ರಯೋಗದಲ್ಲಿ ತೆಗೆದುಕೊಂಡವರಲ್ಲಿ 68 ವಾರಕ್ಕೆ ಸರಾಸರಿ 15 ಪರ್ಸೆಂಟ್ ಹತ್ತಿರ ತೂಕ ಇಳಿಯಿತು. ನಿಜವಾದ ಔಷಧಿ, ಬೇಕಾದವರಿಗೆ ದೊಡ್ಡ ಸಹಾಯ. ಆದರೆ ನಿಲ್ಲಿಸಿ ಒಂದು ವರ್ಷದಲ್ಲಿ ಇಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ವಾಪಸ್ ಬಂತು. ಇಳಿಯುವುದರಲ್ಲಿ ಸ್ನಾಯುವೂ ಇರುತ್ತದೆ. ನಿಮ್ಮ ಮಾತ್ರೆ, ಥೈರಾಯ್ಡ್, ನಿದ್ದೆ ಮೂರನ್ನೂ ನೋಡದೆ ಅಲ್ಲಿಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬೇಕು? ಮತ್ತೆ 61ಕ್ಕೆ ಬರಲೇಬೇಕು ಅಂತ ಇಲ್ಲ. ನಿಮ್ಮ ತೂಕದ 5 ಪರ್ಸೆಂಟ್, ಅಂದರೆ ಮೂರೂವರೆ ಕಿಲೋ ಇಳಿದು ಹಾಗೇ ನಿಂತರೂ ಸಕ್ಕರೆ, ಬಿಪಿ ಮೇಲೆ ಪರಿಣಾಮ ಕಾಣುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 44ರಿಂದ 50 ವರ್ಷದ 535 ಮಹಿಳೆಯರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಊಟ, ವ್ಯಾಯಾಮ ಹೇಳಿಕೊಟ್ಟು ಬೆನ್ನಿಗೆ ನಿಂತರು. ನಾಲ್ಕೂವರೆ ವರ್ಷದ ಮೇಲೆ ಆ ಗುಂಪಿನಲ್ಲಿ 55 ಪರ್ಸೆಂಟ್ ಜನ ಶುರುವಿನ ತೂಕದಲ್ಲೇ ಅಥವಾ ಅದಕ್ಕಿಂತ ಕೆಳಗೆ ಇದ್ದರು. ಇನ್ನೊಂದು ಗುಂಪಿನಲ್ಲಿ 26. ಈ ವಯಸ್ಸಲ್ಲಿ ತೂಕ ಏರುವುದು ಹಣೆಬರಹ ಅಂತ ಯಾರಾದರೂ ಅಂದರೆ ನಾನು ಈ ಲೆಕ್ಕ ಹೇಳುತ್ತೇನೆ. ಏರದೆ ನಿಲ್ಲಿಸಿದ್ದೂ ಗೆಲುವೇ.

ಮೊದಲ ಆರು ವಾರ ತಕ್ಕಡಿ ಅಲುಗಾಡದೇ ಇರಬಹುದು. ಆಗ ಊಟ ಬಿಡಬೇಕು ಅನ್ನಿಸುತ್ತದೆ, ಬಿಡಬೇಡಿ. ಈ ವಾರ ಮೂರೇ ಕೆಲಸ ಮಾಡಿ: ರಾತ್ರಿ ಊಟ ಮತ್ತೆ ಶುರು, ಟೇಪಿನ ಅಳತೆ ಬರೆದಿಡುವುದು, ತಲೆನೋವಿನ ಡಾಕ್ಟರ ಅಪಾಯಿಂಟ್‌ಮೆಂಟ್. ಕುರ್ಚಿಯ ವ್ಯಾಯಾಮ ಮುಂದಿನ ವಾರದಿಂದ ಸಾಕು. ಮೂರು ತಿಂಗಳಾದ ಮೇಲೆ ಸೊಂಟದ ಅಳತೆ, ಕುರ್ಚಿಯಿಂದ ಎಷ್ಟು ಸಲ ಎದ್ದಿರಿ, ರಾತ್ರಿ ಎಷ್ಟು ಗಂಟೆ ಮಲಗಿದಿರಿ ಅಂತ ಬರೆದು ಕಳಿಸಿ. ಆ ಮಾತ್ರೆಯ ಹೆಸರನ್ನು ಮಾತ್ರ ಈ ಸಲ ಮರೆಯದೆ ಬರೆಯಿರಿ.